ಬಲಿಪಾಡ್ಯಮಿಗೆ ಒಂದು ಸ್ವೆಟರ್

ಚಿತ್ರದುರ್ಗದಲ್ಲಿದ್ದುಕೊಂಡು ಸ್ವೆಟರ್ ಹೆಣೆಯುತ್ತೇನೆ ಅಂದರೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. "ಈ ಊರ ಬಿಸಿಲಿಗೆ ಸ್ವೆಟ್ರು ಯಾಕೆ ಟೀಚರ್?" ಅನ್ನುತ್ತಾರೆ. ಬಿಸಿಲು ನಿಜ. ಹಗಲೆಲ್ಲ ಕಾದ ಕಲ್ಲುಬೆಟ್ಟಗಳು ರಾತ್ರಿ ಒಂಬತ್ತಾದರೂ ಕಾವು ಬಿಡುವುದಿಲ್ಲ. ಆದರೆ ಕಾರ್ತಿಕ ಕಳೆದ ಮೇಲೆ ಬೆಳಗಿನ ಜಾವ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಮೈಯೊಡ್ಡಿ ಬಸ್ಸಿಗೆ ಕಾದವರಿಗೆ ಸ್ವೆಟರಿನ ಬೆಲೆ ಗೊತ್ತು. ಅದಲ್ಲದೆ ನಮ್ಮ ಮನೆಯ ಮಕ್ಕಳೆಲ್ಲ ಈಗ ಬೆಂಗಳೂರಲ್ಲಿದ್ದಾರೆ. ನಾನು ಹೆಣೆದದ್ದು ಬಹುಪಾಲು ಅಲ್ಲಿಗೇ ಹೋಗುತ್ತದೆ.

ನಾನು ಹೈಸ್ಕೂಲು ಶಿಕ್ಷಕಿ. ಹೆಣಿಗೆ ಕಲಿತದ್ದು ದಾವಣಗೆರೆಯಲ್ಲಿ ಟಿಸಿಎಚ್ (ಶಿಕ್ಷಕರ ತರಬೇತಿ) ಓದುವಾಗ, ಹಾಸ್ಟೆಲಿನಲ್ಲಿ, ನನಗಿಂತ ಒಂದು ವರ್ಷ ಹಿರಿಯಳೊಬ್ಬಳಿಂದ. ಸೀದಾ ಕುಣಿಕೆ, ಉಲ್ಟಾ ಕುಣಿಕೆ ಎರಡನ್ನೇ ಆಕೆ ಹೇಳಿಕೊಟ್ಟದ್ದು. ಉಳಿದದ್ದನ್ನೆಲ್ಲ ಬಿಚ್ಚಿ ಬಿಚ್ಚಿ ಕಲಿತೆ. ಶಾಲೆ, ಮನೆ, ಪೇಪರ್ ತಿದ್ದುವುದು ಇವುಗಳ ನಡುವೆ ನನಗೆ ಸಲೀಸಾಗಿ ಸಿಗುವುದು ದಸರಾ ರಜೆ ಒಂದೇ. ಹಾಗಾಗಿ ನನ್ನ ಹೆಣಿಗೆಯ ವರ್ಷ ನವರಾತ್ರಿಗೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ.

ಮೊದಮೊದಲು ಹಬ್ಬಕ್ಕೆ ಎಲ್ಲರಿಗೂ ಒಂದೊಂದು ಮಾಡಿಕೊಡಬೇಕೆಂಬ ಆಸೆ. ಅಣ್ಣನಿಗೆ ಮಫ್ಲರ್, ಅತ್ತಿಗೆಗೆ ಶಾಲು, ಮಕ್ಕಳಿಗೆ ಟೋಪಿ, ಅತ್ತೆಯವರಿಗೆ ಕಾಲುಚೀಲ. ಒಂದು ವರ್ಷ ಆರು ಕೆಲಸ ಒಟ್ಟಿಗೆ ಹಿಡಿದು ದೀಪಾವಳಿಗೆ ಒಂದೂವರೆ ಮುಗಿಸಿದ್ದೆ. ಅರ್ಧ ಮಫ್ಲರನ್ನು ಕಡ್ಡಿಯ ಸಮೇತ ಅಣ್ಣನ ಕೈಗಿಟ್ಟು, ಆಮೇಲೆ ವಾಪಸ್ ಇಸಿದುಕೊಂಡು ಬಂದೆ. ಅಲ್ಲಿಂದಾಚೆಗೆ ವರ್ಷಕ್ಕೆ ಒಬ್ಬರಿಗೆ ಮಾತ್ರ. ಆ ಒಬ್ಬರದ್ದನ್ನು ಲೆಕ್ಕ ಹಾಕಿಯೇ ಶುರು ಮಾಡುತ್ತೇನೆ.

2024ರಲ್ಲಿ ಆ ಸರದಿ ಅಣ್ಣನ ಅಳಿಯನದು. ಮಗಳ ಮದುವೆಯಾದ ಮೇಲೆ ಮೊದಲ ದೀಪಾವಳಿ. ಅಳಿಯ ಹಬ್ಬಕ್ಕೆ ಬರುತ್ತಾನೆ, ಬಲಿಪಾಡ್ಯಮಿಯ ದಿನ ಆರತಿ ಮಾಡಿ ಉಡುಗೊರೆ ಕೊಡಬೇಕು. ಅಂಗಡಿಯ ಬಟ್ಟೆ ಅಣ್ಣ ಕೊಡುತ್ತಾನೆ, ನಾನು ಸ್ವೆಟರ್ ಕೊಡುತ್ತೇನೆ ಅಂದೆ. ಹುಡುಗನನ್ನು ಮದುವೆಯಲ್ಲಿ ನೋಡಿದ್ದು ಬಿಟ್ಟರೆ ನೋಡಿಲ್ಲ. ಟೇಪು ಹಿಡಿದು ಎದೆ ಅಳೆಯುವ ಸಲುಗೆಯೂ ಇಲ್ಲ.

ಇದಕ್ಕೆ ನನಗೆ ಗೊತ್ತಿರುವ ಸರಿಯಾದ ದಾರಿ ಒಂದೇ: ಮನುಷ್ಯನನ್ನು ಅಳೆಯಬೇಡಿ, ಅವರಿಗೆ ಚೆನ್ನಾಗಿ ಕೂರುವ ಅಂಗಿಯನ್ನು ಅಳೆಯಿರಿ. ಹುಡುಗಿಗೆ ಫೋನ್ ಮಾಡಿ, ಅವನು ಹೆಚ್ಚು ಹಾಕಿಕೊಳ್ಳುವ ಅಂಗಿಯನ್ನು ಗುಂಡಿ ಹಾಕಿ, ಮಂಚದ ಮೇಲೆ ಸುಕ್ಕಿಲ್ಲದೆ ಹರಡಿ, ಕಂಕುಳಿಂದ ಕಂಕುಳಿಗೆ ಅಳೆದು ಹೇಳು ಅಂದೆ. 21 ಇಂಚು ಬಂತು. ಅಂದರೆ ಸುತ್ತಳತೆ 42. ಅಂಗಿ ಸಡಿಲ ಇರುತ್ತದೆ, ಹೆಣಿಗೆ ಹಿಗ್ಗುತ್ತದೆ. ಅದಕ್ಕೇ 40 ಇಂಚಿಗೆ ನಿರ್ಧಾರ ಮಾಡಿದೆ.

ದಾರಕ್ಕೆ ದಾವಣಗೆರೆಗೆ ಹೋದೆ. ದುರ್ಗದಲ್ಲೂ ಸಿಗುತ್ತದೆ, ಆದರೆ ಒಂದೇ ಬಣ್ಣದಲ್ಲಿ ಐದಾರು ಉಂಡೆ ಬೇಕೆಂದರೆ ಚೌಕಿಪೇಟೆ ಕಡೆ ಒಂದು ಸುತ್ತು ಹಾಕುವುದೇ ವಾಸಿ. ಹೋದಮೇಲೆ ಬೆಣ್ಣೆದೋಸೆ ತಿನ್ನದೆ ಬರುವುದಕ್ಕಾಗುವುದಿಲ್ಲ, ಅದು ಬೇರೆ ಮಾತು. ದಾರ ಕೊಳ್ಳುವಾಗ ನಾನು ಬಣ್ಣಕ್ಕಿಂತ ಮೊದಲು ನೋಡುವುದು ಉಂಡೆಗೆ ಸುತ್ತಿದ ಚೀಟಿಯ ಮೇಲಿನ ಲಾಟ್ ನಂಬರ್. ಬಣ್ಣದ ಹೆಸರು, ಸಂಖ್ಯೆ ಒಂದೇ ಇದ್ದರೂ ಬೇರೆ ಬೇರೆ ಸಲ ಬಣ್ಣದ ತೊಟ್ಟಿಗೆ ಇಳಿದ ದಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ. ಹೆಣೆದು ಬಿಸಿಲಿಗೆ ಹಿಡಿದರೆ ಎದೆಯ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಹಿಂದೊಮ್ಮೆ ನನ್ನ ಯಜಮಾನರ ಸ್ವೆಟರಿಗೆ ಹಾಗಾಗಿ, ಅವರು ಅದನ್ನು ಮನೆಯೊಳಗೆ ಮಾತ್ರ ಹಾಕಿಕೊಂಡರು. ಬೇರೆ ಲಾಟಿನದೇ ಗತಿ ಅನ್ನುವಾಗ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹೀಗೆ ಬೆರೆಸುತ್ತಾ ಹೋದರೆ ಗೆರೆ ಕರಗುತ್ತದೆ. ಆದರೂ ಒಂದೇ ಲಾಟಿನಲ್ಲಿ ಒಂದು ಉಂಡೆ ಹೆಚ್ಚಿಗೆ ತರುವುದೇ ಮೇಲು. ಆ ಸಲ 350 ಗ್ರಾಂ ಸಾಕೆಂದು ಅಂದಾಜಿತ್ತು. 100 ಗ್ರಾಮಿನ ಐದು ಉಂಡೆ ತಂದೆ. ನೀಲಿಯಲ್ಲಿ ಸ್ವಲ್ಪ ಬೂದಿ ಬೆರೆತ ಬಣ್ಣ, ಮಾಮೂಲಿ ಅಕ್ರಿಲಿಕ್. ಹಬ್ಬದ ಹಿಂದಿನ ರಾತ್ರಿ ನನ್ನನ್ನು ಉಳಿಸಿದ್ದು ಆ ಐದನೆಯ ಉಂಡೆ.

ನಮ್ಮ ಜಿಲ್ಲೆಯ ಕುರಿ ಉಣ್ಣೆಯನ್ನೇ ಯಾಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ನನಗೂ ಆ ಆಸೆ ಇತ್ತು. ಚಳ್ಳಕೆರೆ ಕಂಬಳಿಯ ಹೆಸರು ಕೇಳದವರು ನಮ್ಮ ಕಡೆ ಯಾರು? ಕೈಯಲ್ಲಿ ನೂತ ಕರಿ ಉಣ್ಣೆಯ ದಾರ ಒಂದಿಷ್ಟು ತಂದು ಹೆಣೆದೂ ನೋಡಿದೆ. ದಖನಿ ಕುರಿಯ ಉಣ್ಣೆ ಒರಟು, ಗಟ್ಟಿ. ಮಗ್ಗದ ಮೇಲೆ ಹುಣಸೆ ಬೀಜದ ಗಂಜಿ ಕುಡಿದು ಕಂಬಳಿಯಾದರೆ ಅದರ ಒರಟೇ ಅದರ ಗುಣ. ಕುರಿ ಕಾಯುವವರಿಗೆ ಅದು ಹಾಸಿಗೆ, ಹೊದಿಕೆ, ಮಳೆಗೆ ಗೊಪ್ಪೆ ಎಲ್ಲವೂ. ಕತ್ತಿಗೆ ತಾಗುವ ಸ್ವೆಟರಿಗೆ ಮಾತ್ರ ಅದು ಚುಚ್ಚುತ್ತದೆ. ನಾನು ಹೆಣೆದ ಚೌಕ ಈಗ ನಮ್ಮ ದೇವರ ಮನೆಯಲ್ಲಿ ಕೂರುವ ಮಣೆಯ ಮೇಲಿದೆ, ಎಷ್ಟು ವರ್ಷವಾದರೂ ಸವೆದಿಲ್ಲ.

ರಜೆ ಶುರುವಾದದ್ದು ಅಕ್ಟೋಬರ್ 3ಕ್ಕೆ. ಮೊದಲ ವಾರ ಮನೆ ಸುಣ್ಣಬಣ್ಣ, ಪಾತ್ರೆ ಪಗಡಿ ತೊಳೆಯುವುದರಲ್ಲೇ ಹೋಯಿತು. ಮಧ್ಯೆ ಎರಡು ಸಂಜೆ ಕೂತು ಮಾದರಿ ತುಂಡು ಹೆಣೆದೆ. ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ದಂಡ. ನಂ. 8ರ ಕಡ್ಡಿ, ಅಂದರೆ 4 ಮಿಲಿಮೀಟರ್. 30 ಕುಣಿಕೆ ಏರಿಸಿ ಆರು ಇಂಚು ಹೆಣೆದು, ಒಗೆದು ಒಣಗಿಸಿ, ನಡುವಿನ ನಾಲ್ಕು ಇಂಚಿನಲ್ಲಿ ಕುಣಿಕೆ ಎಣಿಸಿದೆ. 22 ಇತ್ತು. ಅಂದರೆ ಇಂಚಿಗೆ ಐದೂವರೆ. 40 ಇಂಚಿಗೆ 220. ಇದೇ 220 ಕುಣಿಕೆಯನ್ನು ನಾನು ಸ್ವಲ್ಪ ಸಡಿಲ ಕೈಯಲ್ಲಿ, ಇಂಚಿಗೆ ಐದರಂತೆ ಹೆಣೆದಿದ್ದರೆ ಸ್ವೆಟರ್ 44 ಇಂಚು ಆಗುತ್ತಿತ್ತು. ಅರ್ಧ ಕುಣಿಕೆಯ ತಪ್ಪಿಗೆ ನಾಲ್ಕು ಇಂಚು! ಎಂಟನೇ ತರಗತಿಯ ಮಕ್ಕಳಿಗೆ ಅನುಪಾತ ಹೇಳುವಾಗ ನಾನು ಈ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಸಮಯದ ಲೆಕ್ಕವನ್ನೂ ಹಾಕಿದೆ. ತೋಳಿಲ್ಲದ ಸ್ವೆಟರಿಗೆ ಹಿಂದೆ ಮುಂದೆ ಸೇರಿ ಸುಮಾರು 37,000 ಕುಣಿಕೆ. ನನ್ನ ಕೈ ನಿಮಿಷಕ್ಕೆ 20 ಹಾಕುತ್ತದೆ. 31 ಗಂಟೆ. ತುಂಬುತೋಳು ಬೇಕೆಂದರೆ ಇನ್ನೂ 17, 18 ಗಂಟೆ. ವಿಜಯದಶಮಿಯಿಂದ ಬಲಿಪಾಡ್ಯಮಿಗೆ ಇರುವುದು ಮೂರೇ ವಾರ, ಅದರಲ್ಲಿ ಕೊನೆಯ ಎರಡು ವಾರ ಶಾಲೆ. ದಿನಕ್ಕೆ ಒಂದೂವರೆ ಗಂಟೆಯಂತೆ ತೋಳಿಲ್ಲದ್ದು ಮುಗಿಯುತ್ತದೆ, ತೋಳಿನದು ಮುಗಿಯುವುದಿಲ್ಲ. ಅಲ್ಲಿಗೆ ತೀರ್ಮಾನವಾಯಿತು.

ಮಹಾನವಮಿಯ ದಿನ ನಮ್ಮ ಮನೆಯಲ್ಲಿ ಕುಡುಗೋಲು, ಈಳಿಗೆಮಣೆ, ಯಜಮಾನರ ಬೈಕಿನ ಜೊತೆಗೆ ನನ್ನ ಕಡ್ಡಿಗಳಿಗೂ ಕುಂಕುಮ. ಅಂದು ಮುಟ್ಟುವಂತಿಲ್ಲ. ಮಾರನೆಯ ದಿನ, ಅಕ್ಟೋಬರ್ 12, ಬನ್ನಿ ಮುಡಿದು ಬಂದು, ಹಿರಿಯರ ಕಾಲಿಗೆ ಬಿದ್ದು, ಸಂಜೆ ಕುಣಿಕೆ ಏರಿಸಿದೆ. ಬಾರ್ಡರಿಗೆ ಇನ್ನೂ ಸಣ್ಣದಾದ ನಂ. 10ರ ಕಡ್ಡಿಯಲ್ಲಿ 102 ಕುಣಿಕೆ, ಎರಡು ಸೀದಾ ಎರಡು ಉಲ್ಟಾ. ಎರಡೂವರೆ ಇಂಚಾದ ಮೇಲೆ ಒಂದೇ ಸಾಲಿನಲ್ಲಿ ಹತ್ತು ಹೆಚ್ಚಿಸಿ 112, ಕಡ್ಡಿ ನಂ. 8ಕ್ಕೆ ಬದಲು. ಅರ್ಧಕ್ಕೆ ಬೇಕಾದ್ದು 110. ಎರಡು ಹೊಲಿಗೆಯೊಳಗೆ ಹೋಗುತ್ತವೆ. ಅಲ್ಲಿಂದ ಕಂಕುಳಿನವರೆಗೆ, 15 ಇಂಚಿನ ತನಕ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ. ಈ ಭಾಗದಲ್ಲಿ ತಲೆ ಓಡಿಸುವ ಕೆಲಸವಿಲ್ಲ, ಕೈ ಓಡುತ್ತಿದ್ದರಾಯಿತು.

ಶಾಲೆ ಶುರುವಾದ ಮೇಲೆ ಇದರ ಬಹುಪಾಲು ಬಸ್ಸಿನಲ್ಲಾಯಿತು. ಹೊಳಲ್ಕೆರೆ ರಸ್ತೆಯಲ್ಲಿ ನಮ್ಮ ಶಾಲೆಗೆ ಮುಕ್ಕಾಲು ಗಂಟೆ. ಉದ್ದ ಕಡ್ಡಿ ಬಸ್ಸಿಗೆ ಆಗದು, ಪಕ್ಕದವರ ಪಕ್ಕೆಗೆ ತಿವಿಯುತ್ತದೆ. ಎರಡು ಚಿಕ್ಕ ಕಡ್ಡಿಗೆ ನಡುವೆ ವೈರು ಇರುವ ಸರ್ಕ್ಯುಲರ್ ಕಡ್ಡಿಯಲ್ಲಿ ಹೆಣೆದರೆ ಕೆಲಸವೆಲ್ಲ ತೊಡೆಯ ಮೇಲೇ ಇರುತ್ತದೆ. ಇನ್ನೊಂದು ವಿಷಯ: ನಮ್ಮ ಸೆಕೆಗೆ ಬೆವರಿದ ಕೈಯಲ್ಲಿ ಅಲ್ಯೂಮಿನಿಯಂ ಕಡ್ಡಿಗೆ ಅಕ್ರಿಲಿಕ್ ದಾರ ಅಂಟಿಕೊಂಡು ಕಿರ್ ಎನ್ನುತ್ತದೆ, ಕುಣಿಕೆ ಬಿಗಿಯಾಗುತ್ತದೆ. ಬಿದಿರಿನ ಕಡ್ಡಿಗೆ ಬಂದ ಮೇಲೆ ಆ ಕಾಟ ತಪ್ಪಿತು. ಹಿಡಿತ ಬದಲಾಗುವುದರಿಂದ ಮಾದರಿ ತುಂಡನ್ನೂ ಅದೇ ಕಡ್ಡಿಯಲ್ಲಿ ಹೆಣೆಯಬೇಕು.

ಕಂಕುಳಿನಿಂದ ಮೇಲಕ್ಕೆ ಮಾತ್ರ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ. ಎರಡೂ ಕಡೆ ಆರಾರು ಕುಣಿಕೆ ಮುಚ್ಚಿ, ಆಮೇಲೆ ಸಾಲು ಬಿಟ್ಟು ಸಾಲು ಒಂದೊಂದರಂತೆ ಎಂಟು ಸಲ ಕಡಿಮೆ ಮಾಡಿದರೆ 84 ಉಳಿಯುತ್ತದೆ. ಭುಜಕ್ಕೆ 24, ಕತ್ತಿಗೆ 36, ಭುಜಕ್ಕೆ 24. ಮುಂಭಾಗದ ವಿ ಕತ್ತಿಗೆ ನಡುವೆ ಎರಡು ಮಾಡಿಕೊಂಡು, ಪ್ರತಿ ನಾಲ್ಕನೇ ಸಾಲಿಗೆ ಒಂದು ಕಡಿಮೆ. ಹದಿನೆಂಟು ಸಲ. ನೋಟ್‌ಬುಕ್ಕಿನಲ್ಲಿ ಹದಿನೆಂಟು ಗೆರೆ ಎಳೆದಿಟ್ಟು ಒಂದೊಂದೇ ಹೊಡೆಯುತ್ತಾ ಹೋದೆ.

ನರಕ ಚತುರ್ದಶಿಯ ಮಧ್ಯಾಹ್ನಕ್ಕೆ ಹೊಲಿಗೆಯೂ ಮುಗಿದು ಸ್ವೆಟರ್ ಸ್ವೆಟರಿನಂತಾಯಿತು. ಮಾರನೆಯ ದಿನ, ಅಮಾವಾಸ್ಯೆ, ಲಕ್ಷ್ಮೀಪೂಜೆ ಮುಗಿಸಿ, ಬಾರ್ಡರಿನ ಅಂಚು ಸ್ವಲ್ಪ ಸುರುಳಿ ಸುತ್ತಿಕೊಂಡಂತೆ ಕಂಡಿತೆಂದು ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಉಣ್ಣೆಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಉಣ್ಣೆಯ ಎಳೆ ಹಬೆಗೆ ಸಡಿಲಗೊಂಡು ಆರಿದಾಗ ಮತ್ತೆ ಚೇತರಿಸಿಕೊಳ್ಳುತ್ತದೆ. ಅಕ್ರಿಲಿಕ್ ಹಾಗಲ್ಲ, ಅದು ಪ್ಲಾಸ್ಟಿಕ್ಕಿನ ಸಂಬಂಧಿ. ಕಾವು ತಾಗಿತೆಂದರೆ ಎಳೆ ಮೆತ್ತಗಾಗಿ ಹಾಗೇ ಕೂತುಬಿಡುತ್ತದೆ. ಬಟ್ಟೆ ತೆಗೆದು ನೋಡಿದರೆ, ರಬ್ಬರಿನಂತೆ ಹಿಗ್ಗಿ ಕುಗ್ಗುತ್ತಿದ್ದ ಬಾರ್ಡರು ಚಪ್ಪಟೆಯಾಗಿ, ಹೊಳಪು ಬಂದು, ಲಂಗದ ಅಂಚಿನ ಹಾಗೆ ಅಗಲಿಸಿಕೊಂಡಿತ್ತು. ಕೈಯಲ್ಲಿ ಹಿಸುಕಿದೆ, ತಣ್ಣೀರಲ್ಲಿ ಅದ್ದಿದೆ. ಅದು ಮತ್ತೆ ಎದ್ದೇಳಲಿಲ್ಲ. ಹೊರಗೆ ಪಟಾಕಿ. ನಾನು ನೆಲದ ಮೇಲೆ ಕೂತು ಅತ್ತೆ.

ಕೆಳಗಿನಿಂದ ಮೇಲಕ್ಕೆ ಹೆಣೆದದ್ದನ್ನು ಕೆಳಗಿನಿಂದ ಬಿಚ್ಚಲು ಬರುವುದಿಲ್ಲ, ಪ್ರತಿ ಕುಣಿಕೆಗೂ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ಒಂದೇ, ಕತ್ತರಿ. ಹಿಂದೆ ಒಂದು ಟೋಪಿಯ ಮೇಲೆ ಮಾಡಿ ನೋಡಿದ್ದೆ, ಸ್ವೆಟರಿನ ಮೇಲೆ ಮಾಡಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಕೂತೆ. ಪಕ್ಕದ ಹೊಲಿಗೆಯನ್ನು ಬಾರ್ಡರಿನ ಮಟ್ಟದಲ್ಲಿ ಬಿಚ್ಚಿದೆ. ಬಾರ್ಡರಿಗಿಂತ ಎರಡು ಸಾಲು ಮೇಲೆ, ಒಂದೇ ಸಾಲಿನ ಪ್ರತಿ ಕುಣಿಕೆಯ ಬಲಗಾಲಿಗೆ ನಂ. 10ರ ಸರ್ಕ್ಯುಲರ್ ಕಡ್ಡಿ ತೂರಿಸುತ್ತಾ ಹೋದೆ. ಕಡ್ಡಿ ಮೊದಲು, ಕತ್ತರಿ ಆಮೇಲೆ. ಇದು ತಪ್ಪಿದರೆ ಮೈಯೆಲ್ಲ ಬಿಚ್ಚಿಕೊಳ್ಳುತ್ತದೆ. ಹೊಲಿಗೆಯ ನಾಲ್ಕನ್ನು ಅವುಗಳ ಪಕ್ಕದ ಕುಣಿಕೆಯ ಜೊತೆ ಸೇರಿಸಿ ಹಿಡಿದರೆ 220. ಎರಡು ಸಲ ಎಣಿಸಿದೆ. ಆಮೇಲೆ ಅದರ ಕೆಳಗಿನ ಸಾಲಿನ ನಡುವೆ, ಹಿಂದೆ ಒಂದು ಮುಂದೆ ಒಂದು ಕುಣಿಕೆಯನ್ನು ಕತ್ತರಿಸಿ, ಸೂಜಿಯ ತುದಿಯಿಂದ ದಾರವನ್ನು ಒಂದೊಂದೇ ಕುಣಿಕೆಯಿಂದ ಹೊರಗೆಳೆದೆ. ಕತ್ತರಿಸುವಾಗ ಉಸಿರು ಬಿಗಿಹಿಡಿದಿದ್ದೆ. ಸುತ್ತ ಎಳೆದು ಮುಗಿದಾಗ ಸುಟ್ಟ ಬಾರ್ಡರು ಎರಡು ಪಟ್ಟಿಯಾಗಿ ಕಳಚಿ ತೊಡೆಯ ಮೇಲೆ ಬಿತ್ತು. ಮೇಲೆ 220 ಕುಣಿಕೆಗಳು ಬಾಯಿ ತೆರೆದು ಕಡ್ಡಿಯ ಮೇಲೆ ಸಾಲಾಗಿ ನಿಂತಿದ್ದವು.

ಐದನೆಯ ಉಂಡೆ ತೆಗೆದೆ. ಮೊದಲ ಸುತ್ತಿನಲ್ಲಿ ಹದಿನಾರು ಕಡಿಮೆ ಮಾಡಿ 204ಕ್ಕೆ ತಂದು, ಎರಡು ಸೀದಾ ಎರಡು ಉಲ್ಟಾ, ಈ ಸಲ ಮೇಲಿನಿಂದ ಕೆಳಕ್ಕೆ, ಸುತ್ತಾಗಿ. ಇಪ್ಪತ್ತು ಸುತ್ತು. ಕೊನೆಯ ಸಾಲನ್ನು ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಿದೆ. ಗಡಿಯಾರ ಎರಡು ತೋರಿಸುತ್ತಿತ್ತು. ಯಜಮಾನರು ಎರಡು ಸಲ ಎದ್ದು ಬಂದು, ಎರಡನೆಯ ಸಲ ಕಾಫಿ ಮಾಡಿಕೊಟ್ಟು ಹೋದರು. ಬೆಳಿಗ್ಗೆ ನೋಡಿದರೆ ಹೊಸ ಬಾರ್ಡರು ಮೊದಲಿನದಕ್ಕಿಂತ ಚೆನ್ನಾಗಿತ್ತು, ಪಕ್ಕದಲ್ಲಿ ಹೊಲಿಗೆಯ ಗೆರೆಯೇ ಇಲ್ಲ. ಆಮೇಲಿಂದ ನಾನು ಮೈಯನ್ನು ಮೊದಲು ಹೆಣೆದು, ಬಾರ್ಡರನ್ನು ಕೊನೆಗೆ ಸುತ್ತಾಗಿ ಇಳಿಸುವುದನ್ನೇ ರೂಢಿ ಮಾಡಿಕೊಂಡಿದ್ದೇನೆ. ಉದ್ದ ಹೆಚ್ಚು ಕಡಿಮೆಯಾದರೂ ಸರಿಮಾಡಬಹುದು.

ಬಲಿಪಾಡ್ಯಮಿಯ ದಿನ ಆರತಿಯಾದ ಮೇಲೆ ಹುಡುಗ ಅಂಗಿಯ ಮೇಲೆಯೇ ಹಾಕಿಕೊಂಡು ನಿಂತ. ಭುಜ ಸರಿಯಾಗಿ ಕೂತಿತ್ತು. ನಾನು ನೋಡಿದ್ದು ಭುಜವನ್ನೇ, ಅದೊಂದನ್ನು ಅಂಗಿಯಿಂದ ಅಂದಾಜು ಮಾಡುವುದು ಕಷ್ಟ. ಮಧ್ಯಾಹ್ನದ ಸೆಕೆಯಲ್ಲಿ ಹೋಳಿಗೆ ಊಟಕ್ಕೂ ಅದನ್ನು ತೆಗೆಯಲಿಲ್ಲ. ಬೇಡ ಅಂದರೂ ಕೇಳಲಿಲ್ಲ.

2025ರ ದಸರಾ ರಜೆ ಸಮೀಕ್ಷೆಯ ಕೆಲಸಕ್ಕೆ ಹೋಯಿತು. ಮನೆಮನೆ ತಿರುಗಿ ಬಂದರೆ ಕಡ್ಡಿ ಹಿಡಿಯುವ ತ್ರಾಣ ಇರುತ್ತಿರಲಿಲ್ಲ. ಆ ದೀಪಾವಳಿಗೆ ಉಳಿದ ನೀಲಿ ದಾರಕ್ಕೆ ಹಳದಿ ಸೇರಿಸಿ ಕ್ರೋಶಾದಲ್ಲಿ ಒಂದು ಬಾಗಿಲ ತೋರಣ ಹಾಕಿದ್ದಷ್ಟೇ. ಆದರೆ ಹಬ್ಬಕ್ಕೆ ಬಂದ ಹುಡುಗಿ ಏಳು ತಿಂಗಳ ಬಸುರಿ. ಬಾಣಂತನ ಇಲ್ಲೇ. ಹಾಗಾಗಿ ಕಾರ್ತಿಕದಲ್ಲಿ ಮತ್ತೆ ಕಡ್ಡಿ ಹಿಡಿದೆ. ಹುಟ್ಟಿದ ಮಗುವಿನ ತಲೆ ಸುಮಾರು 14 ಇಂಚು ಇರುತ್ತದೆ, ಕುಲಾವಿ ಅದಕ್ಕಿಂತ ಒಂದೂವರೆ ಇಂಚು ಚಿಕ್ಕದಿದ್ದರೆ ಜಾರದೆ ಕೂರುತ್ತದೆ. ಮೃದುವಾದ ಬೇಬಿ ಉಲ್ಲನ್, ನಂ. 10ರ ಕಡ್ಡಿ, ಇಂಚಿಗೆ ಆರು ಕುಣಿಕೆ. ಕಟ್ಟುವ ದಾರ ಬೇಡ, ಗೊಂಡೆ ಬೇಡ, ಮಗುವಿನ ಕತ್ತಿಗೆ ಬಾಯಿಗೆ ಸಿಕ್ಕುವಂಥದ್ದೇನೂ ಬೇಡ. 76 ಕುಣಿಕೆ ಏರಿಸಿದೆ. ಎಣಿಸಿ ನೋಡಿ, ಮತ್ತೊಮ್ಮೆ ಎಣಿಸಿ, ಸುತ್ತು ಕೂಡಿಸಿದೆ.