ಬೀರುವಿನಲ್ಲಿಟ್ಟ ಸ್ಯಾಂಪಲ್ ಚೀಲ

ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಹೋದ ಸುಗ್ಗಿಯಲ್ಲಿ ಒಂದು ಸ್ಯಾಂಪಲ್ ಚೀಲ ನೋಡಿ ಒಪ್ಪಿ, ಅಂಥವೇ 2,000 ಗೋಣಿಚೀಲ ತರಿಸಿದ್ದೆವು. ಮೊದಲ ಚೀಲಕ್ಕೆ 50 ಕೆಜಿ ಅಕ್ಕಿ ತುಂಬಿ ಎತ್ತುವಾಗಲೇ ತಳದ ಹೊಲಿಗೆ ಬಿಚ್ಚಿಕೊಂಡು ಅಕ್ಕಿಯೆಲ್ಲ ನೆಲದ ಪಾಲಾಯಿತು. ಸ್ಯಾಂಪಲ್ಲಿಗೆ ಜೋಡಿ ಹೊಲಿಗೆ ಇತ್ತು, ಬಂದ ಮಾಲಿಗೆ ಒಂಟಿ.

ವ್ಯಾಪಾರಿಗೆ ಫೋನ್ ಮಾಡಿದೆ. "ಚಲನ್‌ಗೆ ಸಹಿ ಹಾಕೀರಲ್ರಿ ಸರ್, ಮಾಲು ಒಪ್ಪಿದಂಗ ಆತು" ಅಂದರು. ಚಲನ್ ಅಂದರೆ ಮಾಲಿನ ಜೊತೆ ಬರುವ ಚೀಟಿ. ತುಂಬಾ ಜನ ಇಲ್ಲೇ ಸುಮ್ಮನಾಗಿಬಿಡುತ್ತಾರೆ. ಆದರೆ ಮಾಲು ಇಳಿಸಿಕೊಂಡಿದ್ದು ಬೇರೆ, ಒಪ್ಪಿದ್ದು ಬೇರೆ. 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಮಿನಂತೆ, ಸ್ಯಾಂಪಲ್ ಮೇಲೆ ಮಾರಿದರೆ ಪೂರ್ತಿ ಮಾಲು ಅದರ ಗುಣಮಟ್ಟದ್ದೇ ಆಗಿರಬೇಕು. ಪರೀಕ್ಷಿಸಿ ನೋಡಲು 41ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಏನೂ ತಿಳಿಸದೆ ಜಾಸ್ತಿ ದಿನ ಇಟ್ಟುಕೊಂಡು ಸುಮ್ನೆ ಕೂತರೆ, 42ರಂತೆ ಒಪ್ಪಿದ ಹಾಗೆಯೇ.

ಅದಕ್ಕೇ ಅವತ್ತು ಸಂಜೆಯೇ ಇಮೇಲ್ ಹಾಕಿದೆ: ಮಾಲು ತಿರಸ್ಕರಿಸಿದ್ದೇವೆ, ವಾಪಸ್ ಒಯ್ಯಿರಿ. ಜೊತೆಗೆ ಎರಡೂ ಹೊಲಿಗೆಗಳ ಫೋಟೊ. ಇಬ್ಬರ ಸಹಿ ಇದ್ದ ಸ್ಯಾಂಪಲ್ ಚೀಲ ನಮ್ಮ ಬೀರುವಿನಲ್ಲೇ ಇತ್ತು. ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಉಳಿದ ಚೀಲ ಮುಟ್ಟಬೇಡಿ ಎಂದು ಹಮಾಲರಿಗೆ ಹೇಳಿದೆ. ಬಳಸಿದ್ದರೆ ಅದೂ ಒಪ್ಪಿಗೆ ಅಂತ ಆಗುತ್ತಿತ್ತು.

ವಾರದೊಳಗೆ ಜೋಡಿ ಹೊಲಿಗೆಯ ಚೀಲ ಬಂದವು. ಈಗ ಆರ್ಡರಿನಲ್ಲೇ ಒಂದು ಸಾಲು ಸೇರಿಸಿದ್ದೇನೆ: "ಚಲನ್ ಸಹಿ ಮಾಲು ಇಳಿದಿದ್ದಕ್ಕೆ ಮಾತ್ರ. ಪರೀಕ್ಷೆ 7 ದಿನದೊಳಗೆ."