ಅಜ್ಜನ ಈಸಿ ಚೇರಿಗೆ ಬೆತ್ತ ಹೆಣೆದದ್ದು

ಅಜ್ಜನ ಈಸಿ ಚೇರಿನಲ್ಲಿ 14 ವರ್ಷ ಯಾರೂ ಕೂತಿರಲಿಲ್ಲ. ಅಟ್ಟದ ಮೇಲೆ, ಹಳೇ ಗೋಣಿಚೀಲಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಎರಡು ವರ್ಷದ ಹಿಂದೆ ಹಳೇ ಸಾಮಾನು ಕೊಳ್ಳುವವರೊಬ್ಬರು ಮನೆಗೆ ಬಂದರು. ನಮ್ಮ ಕಡೆ ಇವರು ಬೇಸಿಗೆಯಲ್ಲಿ ಜಾಸ್ತಿ. ಯಾರಾದರೂ ತೊಟ್ಟಿ ಮನೆ ಕೆಡವುತ್ತಾರೆ ಅಂತ ಸುದ್ದಿ ಸಿಕ್ಕರೆ ಸಾಕು, ಕಂಬ, ಬಾಗಿಲು, ಹಂಡೆ ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡು ಹೋಗುತ್ತಾರೆ. ಇವರು ಕುರ್ಚಿಯ ಕೈ ಮೇಲೆ ಉಗುರಿನಿಂದ ಗೀರಿ ನೋಡಿ, ‘ಬೀಟೆ’ ಅಂದರು. 18 ಸಾವಿರ ಕೊಡುತ್ತೇನೆ ಅಂದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು, ‘ಅದು ಕೊಡೋದಲ್ಲ’ ಅಂದರು. ಅಲ್ಲಿಗೆ ಮಾತು ಮುಗಿಯಿತು.

ಅವರು ಹೋದ ಮೇಲೆ ನಾನು ಕುರ್ಚಿಯನ್ನು ಜಗಲಿಗೆ ಇಳಿಸಿದೆ. ಕೊಡೋದಿಲ್ಲ ಅಂದ ಮೇಲೆ ಅದು ಕೂರುವ ಹಾಗಿರಬೇಕು ಅಲ್ವಾ?

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ಸಣ್ಣ ಕಾಫಿ ತೋಟ. ಅಜ್ಜ ಬಟವಾಡೆ ಮಾಡುತ್ತಿದ್ದುದು ಇದೇ ಕುರ್ಚಿಯಲ್ಲಿ ಕೂತು. ಎಡಗೈ ಹಲಗೆಯ ಮೇಲೆ ಕಾಫಿ ಲೋಟ, ಬಲಗೈ ಹಲಗೆಯ ಮೇಲೆ ಲೆಕ್ಕದ ಪುಸ್ತಕ. ಪ್ಲಾಂಟರ್ ಚೇರ್ ಅಂತಾರಲ್ಲ, ಆ ಜಾತಿಯ ಕುರ್ಚಿ ಇದು. ಕೈಗಳ ಕೆಳಗೆ ಇನ್ನೊಂದು ಜೊತೆ ಹಲಗೆ ಮಡಚಿಕೊಂಡಿರುತ್ತೆ. ತಿರುಗಿಸಿದರೆ ಮುಂದಕ್ಕೆ ಚಾಚಿಕೊಳ್ಳುತ್ತೆ. ಅದರ ಮೇಲೆ ಕಾಲು ಇಟ್ಟುಕೊಳ್ಳಬಹುದು. ಮಳೆಗಾಲದಲ್ಲಿ ಅಜ್ಜ ತೋಟ ಸುತ್ತಿ ಬಂದು, ಎರಡೂ ಕಾಲು ಎತ್ತಿಟ್ಟು, ಸುಣ್ಣ ಹಚ್ಚಿ ಉಂಬಳ ಕೀಳಿಸಿಕೊಳ್ಳುತ್ತಿದ್ದರು. ಬಗ್ಗದೆ ಕಾಲು ನೋಡಿಕೊಳ್ಳಬಹುದು, ಬೆನ್ನಿಗೆ ಗಾಳಿ ಆಡುತ್ತೆ, ಒದ್ದೆ ಬಟ್ಟೆಯಲ್ಲಿ ಕೂತರೂ ಬೆತ್ತ ನೀರು ಹಿಡಿದಿಟ್ಟುಕೊಳ್ಳೋದಿಲ್ಲ. ಇದನ್ನು ಮೊದಲು ಮಾಡಿದವರಿಗೆ ನಮ್ಮಂಥ ಊರಿನ ಮಳೆಯೂ ಸೆಕೆಯೂ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ.

ಅದು ಅಟ್ಟ ಸೇರಿದ್ದಕ್ಕೆ ಕಾರಣ ಒಂದು ರಿಪೇರಿ. ಅಜ್ಜ ತೀರಿಕೊಂಡ ಮೇಲೆ ಬೆತ್ತ ಹರಿದಿತ್ತು. ಅಪ್ಪ ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಅವರು ಕೈಯಲ್ಲಿ ಹೆಣೆಯಲಿಲ್ಲ. ಮಿಷನ್ನಿನಲ್ಲಿ ನೇಯ್ದ ರೆಡಿಮೇಡ್ ಜಾಲರಿಯನ್ನು ಕತ್ತರಿಸಿ, ಚೌಕಟ್ಟಿನ ಸುತ್ತ ಮೊಳೆ ಹೊಡೆದು, ಮೇಲೆ ತೆಳು ಪಟ್ಟಿ ಕೂರಿಸಿ ಕಳಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಕೈಯಲ್ಲಿ ಹೆಣೆಯುವ ಕುರ್ಚಿಯ ಚೌಕಟ್ಟಿನಲ್ಲಿ ಸಾಲಾಗಿ ತೂತುಗಳಿರುತ್ತವೆ. ತೂತು ತೂತಿನ ನಡುವೆ ಮೊಳೆ ಹೊಡೆದರೆ ಮರ ಅದೇ ಸಾಲಿನಲ್ಲಿ ಸೀಳುತ್ತೆ. ಒಂದು ವರ್ಷದಲ್ಲಿ ಎಡಗಡೆಯ ಪಟ್ಟಿ ಒಂದು ಗೇಣು ಉದ್ದಕ್ಕೆ ಬಿರುಕು ಬಿಟ್ಟಿತು. ಅಪ್ಪನಿಗೆ ಬೇಜಾರಾಗಿ ಅಟ್ಟಕ್ಕೆ ಹಾಕಿಸಿದರು. ಆ ಬೇಜಾರು ನನಗೂ ಇತ್ತು. ಹಾಗಾಗಿ ಈ ಸಲ ಇನ್ನೊಬ್ಬರ ಕೈಗೆ ಕೊಡೋದು ಬೇಡ, ನಾನೇ ಕಲಿಯುತ್ತೇನೆ ಅಂತ ತೀರ್ಮಾನ ಮಾಡಿದೆ.

ಕಲಿಸಿದವರು ಹಾಸನದ ಒಬ್ಬರು ಯಜಮಾನರು. ಎಪ್ಪತ್ತು ದಾಟಿದೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿಗಳನ್ನು ಹೆಣೆಯುವ ಕೆಲಸವನ್ನು ನಮ್ಮ ದೇಶದಲ್ಲಿ ಬಹಳ ಕಾಲ ಮಾಡಿಕೊಂಡು ಬಂದವರಲ್ಲಿ ಕಣ್ಣು ಕಾಣದವರು ಬಹಳ ಮಂದಿ. ತರಬೇತಿ ಶಾಲೆಗಳಲ್ಲಿ ಅವರಿಗೆ ಇದನ್ನು ಕಲಿಸುತ್ತಿದ್ದರು. ನಾವೆಲ್ಲ ಕಚೇರಿಗಳಲ್ಲಿ ಎಷ್ಟು ಸಲ ಆ ಕುರ್ಚಿಗಳ ಮೇಲೆ ಕೂತಿದ್ದೇವೆ! ಅವರ ಮನೆಗೆ ನಾನು ಮೂರು ಸಲ ಹೋದೆ. ನನ್ನ ಕೈ ಹಿಡಿದು ಒಂದು ಬೆತ್ತದ ಎಳೆಯ ಮೇಲೆ ಆಡಿಸಿದರು. ‘ಇತ್ಲಾಗೆ ಸವರು. ಈಗ ಅತ್ಲಾಗೆ. ಗೊತ್ತಾಯ್ತಾ?’ ಒಂದು ಕಡೆಗೆ ನುಣ್ಣಗೆ ಹೋಯಿತು, ಇನ್ನೊಂದು ಕಡೆಗೆ ಗಣ್ಣಿನ ಹತ್ತಿರ ಉಗುರು ತಡೆಯಿತು. ಬೆಕ್ಕಿನ ಬೆನ್ನಿನ ಹಾಗೆ ಬೆತ್ತಕ್ಕೂ ಸವರುವ ದಿಕ್ಕು ಇದೆ. ನುಣ್ಣಗಿನ ದಿಕ್ಕಿನಲ್ಲೇ ಎಳೆಯಬೇಕು. ಇಲ್ಲದಿದ್ದರೆ ಪ್ರತಿ ಗಣ್ಣೂ ಪಕ್ಕದ ಎಳೆಯನ್ನು ತರಿಯುತ್ತೆ.

ಕೊಯ್ಲು ಮುಗಿದು, ಹೂಮಳೆಗೆ ಕಾಯುವ ದಿನಗಳಲ್ಲಿ ಕೆಲಸ ಶುರು ಮಾಡಿದೆ. ಮೊದಲು ಮರದ ಕೆಲಸ. ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಬಿರುಕಿಗೆ ಗೋಂದು ತುಂಬಿ, ಪಟ್ಟಿಗೆ ಹಗ್ಗ ಸುತ್ತಿ, ಹಗ್ಗದೊಳಗೆ ಕೋಲು ಹಾಕಿ ತಿರುವಿ ಬಿಗಿ ಮಾಡಿದೆ. ಎರಡು ದಿನ ಹಾಗೇ ಬಿಟ್ಟೆ. ಮೊಳೆಯ ಗಾಯಗಳಿಗೆ ಬಿದಿರಿನ ಸಣ್ಣ ಮೊಳೆ ಬಡಿದೆ. ತೂತುಗಳಲ್ಲಿ ಹಳೇ ಬೆತ್ತದ ಚೂರು, ಧೂಳು ಗಟ್ಟಿಯಾಗಿ ಕೂತಿತ್ತು. ಡ್ರಿಲ್ ಮಿಷನ್ ಬಳಸದೆ, ಅದರ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆದೆ. ಮೇಲೆ 41, ಕೆಳಗೆ 41, ಎರಡು ಪಕ್ಕದಲ್ಲಿ 95ರಂತೆ ಒಟ್ಟು 272 ತೂತು. ಹಿಂದಿನ ಕಾಲಿನ ಒಳಮೈಯಲ್ಲಿ ಉಳಿಯಿಂದ ಹಾಕಿದ ಮೂರು ಗೀಟು ಕಂಡವು. ಯಾವ ಕಾಲು ಯಾವ ಸಂದಿಗೆ ಅಂತ ಆಚಾರಿ ಹಾಕಿಕೊಂಡ ಗುರುತು ಅದು.

ಪಾಲಿಶ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಹಳೇ ಕುರ್ಚಿಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಹೊಸದು ಮಾಡಬೇಡಿ. ಬೀಟೆಯ ಮೇಲ್ಮೈ ಆ ಬಣ್ಣಕ್ಕೆ ಬರಲು ಎಷ್ಟೋ ವರ್ಷ ಬೇಕು. ಇಂಥ ಮರ ಮತ್ತೆ ಸುಲಭವಾಗಿ ಸಿಗುವುದೂ ಇಲ್ಲ. ಬೀಟೆ ಸೇರಿದಂತೆ ಆ ಇಡೀ ಕುಲದ ಮರಗಳು 2017ರಿಂದ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ದೇಶದಿಂದ ದೇಶಕ್ಕೆ ವ್ಯಾಪಾರ ಮಾಡಲು ಅನುಮತಿ ಬೇಕು. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ, ಕಾಣದ ಜಾಗದಲ್ಲಿ ಒತ್ತಿ ನೋಡಿ. ಅಂಟಂಟಾದರೆ ಹಳೇ ಪಾಲಿಶ್ ಅರಗಿನದು ಅಂತ ಲೆಕ್ಕ. ಅದರ ಮೇಲೆ ಮತ್ತೆ ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಬಹುದು. ಹೊಸ ಪದರ ಹಳೆಯದರೊಳಗೆ ಕರಗಿ ಒಂದಾಗುತ್ತೆ. ನಾನು ಬಟ್ಟೆಯೊಳಗೆ ಹತ್ತಿ ಕಟ್ಟಿಕೊಂಡು ಆರು ತೆಳು ಕೈ ಹಾಕಿದೆ. ಎಡಗೈ ಹಲಗೆಯ ಮೇಲೆ ಅಜ್ಜನ ಲೋಟದ ಬಿಳಿ ಉಂಗುರ ಇದೆ. ಅರಗಿನ ಮೇಲೆ ನೀರು, ಬಿಸಿ ಬಿದ್ದರೆ ಹಾಗೆ ಬೆಳ್ಳಗಾಗುತ್ತೆ. ಸ್ಪಿರಿಟ್ ಹಚ್ಚಿ ಉಜ್ಜಿದರೆ ಹೋಗುತ್ತಿತ್ತು. ನಾನು ಆ ಜಾಗಕ್ಕೆ ಕೈ ಹಾಕಲಿಲ್ಲ.

ಬೆತ್ತವನ್ನು ಬೆಂಗಳೂರಿನಿಂದ ತರಿಸಿದೆ. ಬೆತ್ತ ಅಂದರೆ ತಾಳೆ ಜಾತಿಯ ಬಳ್ಳಿ. ಕುರ್ಚಿ ಹೆಣೆಯಲು ಬೇಕಾದ್ದು ಅದರ ಹೊಳೆಯುವ ಹೊರಸಿಪ್ಪೆ ಮಾತ್ರ. ಒಂದು ಅಡಿ ಚೌಕಕ್ಕೆ ಸುಮಾರು 250 ಅಡಿ ಎಳೆ ಬೇಕು. ಈಸಿ ಚೇರು ಅಂಥ ಆರು ಚೌಕಕ್ಕಿಂತ ದೊಡ್ಡದು. ಅಂದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್! ಎಳೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ನೆನೆಸಿ, ಒದ್ದೆ ಟವೆಲ್ಲಿನಲ್ಲಿ ಸುತ್ತಿಟ್ಟುಕೊಳ್ಳಬೇಕು. ಜಾಸ್ತಿ ಹೊತ್ತು ಬಿಟ್ಟರೆ ಬಣ್ಣ ಕಂದಿ, ಎಳೆ ದುರ್ಬಲವಾಗುತ್ತೆ.

ಇನ್ನು ಹೆಣಿಗೆ. ಒಟ್ಟು ಏಳು ಸುತ್ತು. ಮೊದಲು ಉದ್ದದ ಎಳೆ, ಅದರ ಮೇಲೆ ಅಡ್ಡ ಎಳೆ, ಅದರ ಮೇಲೆ ಮತ್ತೆ ಉದ್ದದ ಎಳೆ. ಇಲ್ಲಿಯವರೆಗೆ ಹೆಣೆಯುವುದೇನೂ ಇಲ್ಲ, ಒಂದರ ಮೇಲೊಂದು ಹಾಸುವುದಷ್ಟೇ. ಎಳೆ ಜಾರದ ಹಾಗೆ ತೂತಿಗೆ ಬಿದಿರು ಕಡ್ಡಿ ಸಿಕ್ಕಿಸುತ್ತಾ ಹೋಗಬೇಕು. ಮೊದಲ ಸುತ್ತಿನಲ್ಲೇ ನಾನು ತಪ್ಪು ಮಾಡಿದೆ. ಎಳೆಗಳನ್ನು ವೀಣೆಯ ತಂತಿಯ ಹಾಗೆ ಬಿಗಿ ಮಾಡಿದೆ. ಫೋನಿನಲ್ಲಿ ಹೇಳಿದಾಗ ಯಜಮಾನರು, ‘ಈಗ್ಲೇ ಬಿಗಿ ಮಾಡಿದ್ರೆ ಮಿಕ್ಕಿದ್ದೆಲ್ಲ ಎಲ್ ಹೋಗ್ಬೇಕಪ್ಪಾ? ಸಡಿಲ ಬಿಡು’ ಅಂದರು. ಈಸಿ ಚೇರಿನ ಪಕ್ಕದ ಪಟ್ಟಿಗಳು ಬಾಗಿರುತ್ತವೆ. ಉದ್ದದ ಎಳೆ ಬಿಗಿಯಾಗಿದ್ದರೆ ಆ ಬಾಗಿನ ಮೇಲೆ ಸೇತುವೆಯ ಹಾಗೆ ನೆಟ್ಟಗೆ ನಿಲ್ಲುತ್ತೆ. ಸಡಿಲ ಬಿಟ್ಟರೆ ಅಡ್ಡ ಎಳೆಗಳು ಅದನ್ನು ಕೆಳಗೆ ಎಳೆದು ಬಾಗಿಗೆ ತಂದು ಕೂರಿಸುತ್ತವೆ. ಆಮೇಲಿನ ಒಂದೊಂದು ಸುತ್ತೂ ಹಿಂದಿನದನ್ನು ತಾನಾಗಿಯೇ ಬಿಗಿ ಮಾಡುತ್ತೆ. ಎಲ್ಲ ಬಿಚ್ಚಿ ಮತ್ತೆ ಹಾಕಿದೆ.

ನಾಲ್ಕನೆಯ ಸುತ್ತು ಎಲ್ಲಕ್ಕಿಂತ ನಿಧಾನ. ಎರಡನೇ ಅಡ್ಡ ಎಳೆಯನ್ನು ಮೊದಲ ಉದ್ದದ ಎಳೆಯ ಕೆಳಗೆ, ಮೂರನೇ ಸುತ್ತಿನ ಉದ್ದದ ಎಳೆಯ ಮೇಲೆ ನುಗ್ಗಿಸುತ್ತಾ ಹೋಗಬೇಕು. ಒಂದು ಸಾಲಿಗೆ 41 ಸಲ, ಅಂಥ 95 ಸಾಲು. ಇದು ಸರಿಯಾಗಬೇಕಾದರೆ ಮೂರನೇ ಸುತ್ತಿನ ಎಳೆ ಉದ್ದಕ್ಕೂ ಮೊದಲನೆಯದರ ಬಲಗಡೆಗೇ ಮಲಗಿರಬೇಕು. ನನ್ನದರಲ್ಲಿ ಏಳೆಂಟು ಕಡೆ ಎಡಕ್ಕೆ ಹೊರಳಿತ್ತು. ಆಗ ಗೊತ್ತಾಗಲಿಲ್ಲ. ಐದನೇ ಸುತ್ತಿನಲ್ಲಿ ಓರೆ ಎಳೆ ಹಾಕುವಾಗ ಗೊತ್ತಾಯಿತು. ಓರೆ ಎಳೆ ಸರಿಯಾದ ದಾರಿಯಲ್ಲಿದ್ದರೆ ಜೋಡಿಗಳ ಮೂಲೆಯೊಳಗೆ ಜಾರಿ ಕೂರುತ್ತೆ, ಎಳೆದರೆ ಸದ್ದೇ ಇರುವುದಿಲ್ಲ. ತಪ್ಪಿದ್ದರೆ ಗರಗಸದ ಹಾಗೆ ಕರಕರ ಅನ್ನುತ್ತೆ, ಅಂಚು ನಾರು ನಾರಾಗಿ ಏಳುತ್ತೆ. ತಪ್ಪನ್ನು ಕಿವಿಯಲ್ಲೇ ಹಿಡಿಯುತ್ತೇನೆ ಅಂತ ಯಜಮಾನರು ಹೇಳಿದ್ದು ಯಾಕೆ ಅಂತ ಆಗ ಅರ್ಥವಾಯಿತು. ನಾನೂ ಆ ಮೇಲೆ ಸಂಜೆ ರೇಡಿಯೋ ಹಾಕುವುದನ್ನು ಬಿಟ್ಟೆ.

ಆರನೆಯದು ಇನ್ನೊಂದು ದಿಕ್ಕಿನ ಓರೆ. ಅದು ಮುಗಿಯುತ್ತಾ ಬಂದ ಹಾಗೆ ಚೌಕ ಕಿಂಡಿಗಳು ಎಂಟು ಮೂಲೆಯ ಕಣ್ಣುಗಳಾಗುತ್ತವೆ. ಆ ಸಂಜೆ ನಾನು ಎದ್ದು ದೂರ ನಿಂತು ನೋಡಿದೆ. ಅಮ್ಮನನ್ನೂ ಕರೆದೆ. ಚಿಕ್ಕಂದಿನಿಂದ ಕಂಡಿದ್ದ ಆ ಕಣ್ಣುಗಳು ನನ್ನ ಕೈಯ ಕೆಳಗೆ ಒಂದೊಂದಾಗಿ ತೆರೆದುಕೊಂಡಿದ್ದವು. ಏಳನೆಯದು ಅಂಚಿನ ಪಟ್ಟಿ, ತೂತುಗಳನ್ನು ಮುಚ್ಚಲು. ಅದು ಒಂದೇ ದಿನದ ಕೆಲಸ.

ಆ ವಾರ ತಂಗಿಯ ಮಗಳು ಬಂದಿದ್ದಳು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ. ‘ಮಾವ, ಇದೇ ಹೆಣಿಗೆ ಚಂಡೀಗಢದ ಕುರ್ಚಿಗಳಲ್ಲೂ ಇದೆ’ ಅಂತ ಫೋನಿನಲ್ಲಿ ತೋರಿಸಿದಳು. 1950ರ ದಶಕದಲ್ಲಿ ಆ ಊರು ಕಟ್ಟುವಾಗ ಪಿಯರ್ ಜಾನರೆ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ ಕಚೇರಿಗಳಿಗೆ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ಮಾಡಿಸಿದರು. ಹಳೆಯದಾದ ಮೇಲೆ ಅವನ್ನು ಗುಜರಿ ಲೆಕ್ಕದಲ್ಲಿ ವಿಲೇವಾರಿ ಮಾಡಿದರು. ಈಗ ಅವೇ ಹೊರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತವೆ. ಇನ್ನೊಂದನ್ನೂ ತೋರಿಸಿದಳು, ವಿಯೆನ್ನಾದ ಥೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿ. 1859ರದು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಕೂರಲು ಬೆತ್ತ. ಬಿಚ್ಚಿಟ್ಟರೆ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವಂತೆ. ಎರಡೂ ನನಗೆ ಬಹಳ ಇಷ್ಟವಾದವು. ನಮ್ಮ ಕುರ್ಚಿಯಲ್ಲಿ ಯಾರ ಹೆಸರೂ ಇಲ್ಲ, ಉಳಿಯ ಮೂರು ಗೀಟು ಇದೆ. ಆ ಹೆಸರಾಂತ ಕುರ್ಚಿಗಳ ಪಕ್ಕದಲ್ಲಿ ಇದನ್ನು ಇಡಲು ನನಗೆ ಯಾವ ಅಳುಕೂ ಇಲ್ಲ.

ಹೆಣೆದು ಮುಗಿಸಲು ಐದು ವಾರ ಹಿಡಿಯಿತು. ಬಿಚ್ಚಿ ಹಾಕಿದ್ದೂ ಸೇರಿ 80 ಗಂಟೆ ಆಗಿರಬಹುದು. ಎರಡು ದಿನ ನೆರಳಲ್ಲಿ ಒಣಗಲು ಬಿಟ್ಟೆ. ಒಣಗಿದ ಹಾಗೆ ಬೆತ್ತ ಕುಗ್ಗಿ ಬಿಗಿಯಾಗುತ್ತೆ. ಬೆರಳಿನಿಂದ ತಟ್ಟಿದರೆ ಡೋಲಿನ ಹಾಗೆ ಶಬ್ದ ಬಂತು. ಮೊದಲು ಅಮ್ಮ ಕೂತರು. ಹೊಸ ಬೆತ್ತ ಸಣ್ಣಗೆ ಚಟಚಟ ಅಂದಿತು. ನನಗೆ ಭಯವಾಯಿತು. ಅಮ್ಮ ಏಳಲಿಲ್ಲ. ಕಾಲಿನ ಹಲಗೆ ತಿರುಗಿಸು ಅಂದರು.

ಈಗ ದಿನಾ ಯಾರಾದರೂ ಕೂರುತ್ತೇವೆ. ಕೂತರೆ ಹಾಳಾಗುತ್ತೆ ಅಂತ ಕೆಲವರು ಇಂಥವನ್ನು ಹಗ್ಗ ಕಟ್ಟಿ ಶೋಗೆ ಇಡುತ್ತಾರೆ. ನಾನು ಅದನ್ನು ಒಪ್ಪೋದಿಲ್ಲ. ಬೆತ್ತಕ್ಕೆ ದೊಡ್ಡ ಶತ್ರು ಒಣಗಿ ಪೆಡಸಾಗುವುದು, ಮತ್ತೆ ನಮ್ಮ ಮಳೆಗಾಲದ ಬೂಷ್ಟು. ದಿನಾ ಕೂರುವ ಕುರ್ಚಿಯನ್ನು ದಿನಾ ನೋಡುತ್ತೇವೆ, ಒರೆಸುತ್ತೇವೆ. ಬೇಸಿಗೆಯಲ್ಲಿ ಸ್ವಲ್ಪ ಜೋತು ಬಿದ್ದರೆ ಕುರ್ಚಿ ಮಗುಚಿ, ತಳಭಾಗಕ್ಕೆ ಒದ್ದೆ ಬಟ್ಟೆ ಒತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಬಿಗಿಯಾಗಿರುತ್ತೆ. ಹೊಳೆಯುವ ಮೇಲ್ಮೈ ನೀರು ಹೀರುವುದಿಲ್ಲ, ಅದಕ್ಕೇ ತಳಕ್ಕೆ ಒತ್ತಬೇಕು. ವಾರ್ನಿಶ್ ಬೇಡ. ಮಂಡಿ ಊರಿ ಹತ್ತುವುದೂ ಬೇಡ, ಒಂದೇ ಜಾಗಕ್ಕೆ ಭಾರ ಬಿದ್ದರೆ ಹರಿಯುತ್ತೆ. ಮಳೆಗಾಲದಲ್ಲಿ ಶ್ರಾವಣದವರೆಗೆ ಜಗಲಿಯಿಂದ ಒಳಗೆ, ಒಲೆಯ ಕೋಣೆಯ ಹತ್ತಿರ ಇಡುತ್ತೇವೆ.

ಪಕ್ಕದ ತೋಟದವರು ನೋಡಿಕೊಂಡು ಹೋಗಿ, ಅವರ ಮನೆಯ ನಾಲ್ಕು ಊಟದ ಕುರ್ಚಿಗಳನ್ನು ತಂದು ಬಿಟ್ಟಿದ್ದಾರೆ. ಮೊದಲನೆಯದರ ಹರಿದ ಬೆತ್ತ ಬಿಚ್ಚಿ, ತೂತು ಎಣಿಸಿ ಬರೆದಿಟ್ಟಿದ್ದೇನೆ. ಮುಂದೆ 23, ಹಿಂದೆ 19. ಹಿಂದೆ ಕಡಿಮೆ ಇದ್ದರೆ ಪಕ್ಕದ ಎಳೆಗಳನ್ನು ಹೇಗೆ ಮುಗಿಸುವುದು ಅಂತ ಕೇಳಲು ಭಾನುವಾರ ಹಾಸನಕ್ಕೆ ಹೋಗುತ್ತಿದ್ದೇನೆ. ಯಜಮಾನರಿಗೆ ನಮ್ಮ ತೋಟದ ಕಾಫಿ ಹುರಿಸಿ, ಪುಡಿ ಮಾಡಿಸಿ ಇಟ್ಟಾಗಿದೆ.