ಪ್ರೋಗ್ರಾಮರ್‌ನಿಂದ ಆಪ್ಟಿಮೈಸೇಶನ್ ಎಂಜಿನಿಯರ್: ಮೊದಲ ಮಾದರಿ ಕಟ್ಟುವ ಬಗೆ

ಕೆಲವು ವರ್ಷ ಕೋಡ್ ಬರೆದವರಿಗೆ ಕಾರ್ಖಾನೆಯ ಆಪ್ಟಿಮೈಸೇಶನ್ ಕೆಲಸಕ್ಕೆ, ಅಂದರೆ ಇರುವ ಮಿತಿಗಳೊಳಗೆ ಅತ್ಯುತ್ತಮ ಯೋಜನೆ ಹುಡುಕುವುದಕ್ಕೆ, ಬೇಕಾದ ಅರ್ಧ ಸರಂಜಾಮು ಆಗಲೇ ಕೈಯಲ್ಲಿರುತ್ತದೆ: ಪೈಥಾನ್, ಡೇಟಾಬೇಸ್, ಟೆಸ್ಟ್ ಬರೆಯುವ ರೂಢಿ. ಬಿಡಬೇಕಾದದ್ದು, ಎಲ್ಲದಕ್ಕೂ ತಾನೇ ಅಲ್ಗಾರಿದಮ್ ಬರೆಯುವ ಚಟ. ಇಲ್ಲಿ ಉತ್ತರ ಹುಡುಕುವುದು ಸಾಲ್ವರ್ ಎಂಬ ಸಿದ್ಧ ತಂತ್ರಾಂಶದ ಪಾಲು. ಸಮಸ್ಯೆಯನ್ನು ಅದಕ್ಕೆ ಚರ, ನಿರ್ಬಂಧಗಳ ‘ಮಾದರಿ’ಯಾಗಿ ಸರಿಯಾಗಿ ಹೇಳುವುದು ನಿಮ್ಮ ಪಾಲು.

ಓದಿಗೆ ಲೀನಿಯರ್ ಪ್ರೋಗ್ರಾಮಿಂಗ್ (ಸರಳರೇಖೆಯ ಸಮೀಕರಣಗಳಲ್ಲಿ ಹೇಳಿದ ಸಮಸ್ಯೆ), ಡ್ಯುಯಾಲಿಟಿ (ಬೆಲೆ ಕಟ್ಟಿ ಉತ್ತರದ ಮಿತಿ ತೋರಿಸುವ ಬಗೆ), ಬ್ರಾಂಚ್ ಅಂಡ್ ಬೌಂಡ್ (ಕವಲೊಡೆದು, ಉಪಯೋಗವಿಲ್ಲದ ಕವಲು ಬಿಡುತ್ತ ಪೂರ್ಣಾಂಕದ ಉತ್ತರ ಹುಡುಕುವ ಬಗೆ) ಮೊದಲಿಗೆ ಸಾಕು. ಸಾಧನಕ್ಕೆ ಹೈಸ್ (HiGHS) ಮತ್ತು ಓಆರ್-ಟೂಲ್ಸ್‌ನ ಸಿಪಿ-ಸ್ಯಾಟ್ ಎಂಬ ಸಾಲ್ವರ್‌ಗಳು. ಎರಡೂ ಮುಕ್ತ ತಂತ್ರಾಂಶ. ಪಾಳಿ, ಯಂತ್ರಗಳ ವೇಳಾಪಟ್ಟಿಗೆ ಸಿಪಿ-ಸ್ಯಾಟ್ ಒಗ್ಗುತ್ತದೆ. ಆದರೆ ಅದಕ್ಕೆ ಪೂರ್ಣಾಂಕ ಮಾತ್ರ ಗೊತ್ತು, ಕಿಲೋವನ್ನು ಗ್ರಾಂ ಮಾಡಿಯೇ ಕೊಡಬೇಕು.

ಮೊದಲ ಅಭ್ಯಾಸಕ್ಕೆ ಬಾರ್ ಕತ್ತರಿಸುವ ಲೆಕ್ಕ ತೆಗೆದುಕೊಳ್ಳಿ. ಉಕ್ಕಿನ ಆಂಗಲ್ 12 ಮೀಟರ್ ಉದ್ದ. ಬೇಕಾದದ್ದು 5 ಮೀಟರಿನ 40 ತುಂಡು, 3.5 ಮೀಟರಿನ 60, 2 ಮೀಟರಿನ 50. ಎಷ್ಟು ಬಾರ್ ಬೇಕು?

‘ಈ ತುಂಡು ಇಷ್ಟನೇ ಬಾರ್‌ನಲ್ಲಿ’ ಎಂದು ಚರ ಬರೆಯುವುದು ಎಲ್ಲರೂ ಮೊದಲು ಮಾಡುವ ಕೆಲಸ. ಬಾರ್‌ಗಳೆಲ್ಲ ಒಂದೇ ತರಹ ಇರುವುದರಿಂದ 7ನೆಯದನ್ನೂ 19ನೆಯದನ್ನೂ ಅದಲು ಬದಲು ಮಾಡಿದರೂ ಯೋಜನೆ ಅದೇ. ಸಾಲ್ವರ್ ಅದನ್ನೇ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ನೋಡುತ್ತದೆ. ಬದಲಿಗೆ ಕತ್ತರಿಸುವ ಒಂದೊಂದು ವಿನ್ಯಾಸಕ್ಕೆ ಎಷ್ಟು ಬಾರ್ ಎಂಬುದನ್ನೇ ಚರ ಮಾಡಿ: 5+3.5+3.5 ವಿನ್ಯಾಸ 30 ಬಾರ್, 5+5+2 ವಿನ್ಯಾಸ 5, ಎರಡು ಮೀಟರಿನ ಆರು ತುಂಡಿನ ವಿನ್ಯಾಸ 8. ಒಟ್ಟು 43. ಬೇಕಾದ ಉದ್ದವೇ 510 ಮೀಟರ್, ಅಂದರೆ 42.5 ಬಾರ್; ಹಾಗಾಗಿ 43ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ.

ಈ ಯೋಜನೆ ಅಂಗಳದಲ್ಲಿ ನಡೆಯುವುದಿಲ್ಲ. ಕಟಿಂಗ್ ವೀಲ್ 3 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ; ಪ್ರತಿ ಕಡಿತಕ್ಕೂ ಅಷ್ಟು ಲೋಹ ಪುಡಿಯಾಗುತ್ತದೆ. 5+3.5+3.5ರಲ್ಲಿ ಎರಡು ಕಡಿತ, ಕೊನೆಯ ತುಂಡು 3.494 ಮೀಟರ್ ಬರುತ್ತದೆ, ಗುಜರಿಗೆ ಹೋಗುತ್ತದೆ. ಸರಿಪಡಿಸಲು ಪ್ರತಿ ತುಂಡಿನ ಉದ್ದಕ್ಕೂ 3 ಮಿ.ಮೀ. ಸೇರಿಸಿ. ಕೊನೆಯ ತುಂಡಿನ ನಂತರ ಕಡಿತ ಇಲ್ಲದಿರಬಹುದಾದ್ದರಿಂದ ಬಾರ್‌ಗೂ ಸೇರಿಸಿ 12.003 ಮಾಡಿ. ಮೇಲಿನ ಮೂರೂ ವಿನ್ಯಾಸ ಬಿದ್ದುಹೋಗುತ್ತವೆ. ಹೊಸ ಉತ್ತರ: 5+3.5+2 ವಿನ್ಯಾಸ 40, 3.5+3.5+2+2 ವಿನ್ಯಾಸ 5, 3.5ರ ಮೂರು ತುಂಡು 4, ಒಟ್ಟು 49. ಮೂರು ಮಿಲಿಮೀಟರಿಗೆ ಆರು ಬಾರ್! ಇಂಥ ವಿವರ ಡೇಟಾಬೇಸ್‌ನಲ್ಲಿ ಇರುವುದು ಅಪರೂಪ, ಕತ್ತರಿಸುವವರನ್ನೇ ಕೇಳಬೇಕು.

‘48ರಲ್ಲಿ ಆಗೋದಿಲ್ವಾ?’ ಎಂದು ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಡ್ಯುಯಾಲಿಟಿ ಕೆಲಸಕ್ಕೆ ಬರುವುದು ಇಲ್ಲಿ. 5 ಮೀಟರ್ ತುಂಡಿಗೆ ಅರ್ಧ, 3.5ಕ್ಕೆ ಮೂರನೇ ಒಂದು, 2ಕ್ಕೆ ಆರನೇ ಒಂದು ಬಾರ್ ಬೆಲೆ ಕಟ್ಟಿ. ಯಾವ ವಿನ್ಯಾಸದ ಬೆಲೆಯೂ 1 ದಾಟುವುದಿಲ್ಲ. ಬೇಡಿಕೆಯ ಒಟ್ಟು ಬೆಲೆ 48.33. ಆದ್ದರಿಂದ 49 ಬೇಕೇ ಬೇಕು. ಅಳತೆಗಳು ಹತ್ತಾರು ಆದಾಗ ವಿನ್ಯಾಸಗಳು ಲಕ್ಷ ದಾಟುತ್ತವೆ. ಆಗ ಇದೇ ಬೆಲೆಗಳನ್ನಿಟ್ಟು, 1 ದಾಟುವ ವಿನ್ಯಾಸವನ್ನಷ್ಟೇ ಹುಡುಕಿ ಸೇರಿಸುತ್ತ ಹೋಗುವುದು ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲಿ ಕೊಟ್ಟ ಕಾಲಮ್ ಜನರೇಷನ್ ದಾರಿ.

ಇನ್ನೆರಡು ಕಡೆ ಕಾಲು ಜಾರುತ್ತದೆ. ಯಂತ್ರ ಮುಚ್ಚಿದ್ದರೆ ಮಾಲು ಸೊನ್ನೆಯಾಗಲೆಂದು, ಅದರ ಹೌದು-ಇಲ್ಲ (1 ಅಥವಾ 0) ಚರವನ್ನು ಒಂದು ಕೋಟಿಯಂಥ ದೊಡ್ಡ ಸಂಖ್ಯೆಯಿಂದ (‘ಬಿಗ್-ಎಂ’) ಗುಣಿಸಿ ಮಾಲಿನ ಮಿತಿಯಾಗಿ ಹಾಕಿದರೆ, ಸಾಲ್ವರ್ 0.000001ನ್ನು ಸೊನ್ನೆ ಎಂದೇ ಒಪ್ಪಿ 10 ಯೂನಿಟ್ ಮಾಲನ್ನು ಮುಚ್ಚಿದ ಯಂತ್ರದಿಂದ ಹೊರಡಿಸುತ್ತದೆ. ಯಂತ್ರದ ನಿಜವಾದ ಸಾಮರ್ಥ್ಯವನ್ನೇ ಎಂ ಮಾಡಿ. ‘ಪರಿಹಾರವಿಲ್ಲ’ ಎಂದು ಬಂದಾಗ ನಿರ್ಬಂಧಗಳನ್ನು ಒಂದೊಂದಾಗಿ ಅಳಿಸಬೇಡಿ. ಪ್ರತಿಯೊಂದಕ್ಕೂ, ಅದು ಎಷ್ಟು ಮುರಿಯಿತೋ ಅಷ್ಟಕ್ಕೆ ದಂಡ ಬೀಳುವ ಕೊರತೆಯ ಚರ ಸೇರಿಸಿ ಓಡಿಸಿ, ಎಲ್ಲಿ ಕೊರತೆ ಬಿತ್ತೋ ಅಲ್ಲಿಂದ ತನಿಖೆ ಶುರು ಮಾಡಿ.

ಕೆಲಸ ಹುಡುಕುವಾಗ ‘ಆಪರೇಷನ್ಸ್ ರಿಸರ್ಚ್’, ‘ಡಿಸಿಷನ್ ಸೈನ್ಸ್’, ‘ಸಪ್ಲೈ ಚೈನ್ ಪ್ಲಾನಿಂಗ್’ ಎಂಬ ಹೆಸರುಗಳಲ್ಲೂ ನೋಡಿ. ರೆಪೊಸಿಟರಿಯಲ್ಲಿ ಮಾದರಿ, ಡೇಟಾ, ಕೆಳಮಿತಿಯ (ಇದಕ್ಕಿಂತ ಕಡಿಮೆ ಆಗದು ಎಂಬ) ಲೆಕ್ಕ ಮೂರೂ ಇರಲಿ. ಜೊತೆಗೆ ಸಾಲ್ವರನ್ನು ಮುಟ್ಟದೆ ಪ್ರತಿ ಬಾರ್‌ನ ಉದ್ದವನ್ನು ಮತ್ತೆ ಕೂಡಿ ನೋಡುವ ಒಂದು ಚಿಕ್ಕ ಟೆಸ್ಟ್ ಇಡಿ.